ಕಾಸರಗೋಡಿನಿಂದ ದುಬೈಗೆ: ಬಜಪೆಯಾ, ಮಟ್ಟನ್ನೂರಾ, ಕರಿಪುರವಾ?

ಬಜಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈಗೆ ನೇರ ದಾರಿ ಹಿಡಿದರೆ ಸುಮಾರು 2,450 ಕಿ.ಮೀ. ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣದಿಂದ ಸುಮಾರು 2,590. ಕರಿಪುರದಲ್ಲಿರುವ ಕಲ್ಲಿಕೋಟೆ ನಿಲ್ದಾಣದಿಂದ ಸುಮಾರು 2,680. ಈ ಮೂರು ಅಂಕಿ ನೋಡಿ "ಓ, ಮಂಗಳೂರೇ ಹತ್ತಿರ, ಅಲ್ಲಿಂದಲೇ ಹೋಗುವ" ಎಂದರೆ ತೀರ್ಮಾನ ಸರಿ ಇರಬಹುದು, ಕಾರಣ ಮಾತ್ರ ತಪ್ಪು. ಆಕಾಶದಲ್ಲಿ 140 ಕಿ.ಮೀ. ಎಂದರೆ ಹತ್ತು ನಿಮಿಷದ ಮಾತು. ನೆಲದ ಮೇಲೆ, ಅದೂ ನಮ್ಮ 66ನೇ ಹೆದ್ದಾರಿಯಲ್ಲಿ ಅಷ್ಟು ದೂರ ಹೋಗಲು ಮೂರೂವರೆ ಗಂಟೆ ಬೇಕು. ಹಾಗಾಗಿ ಲೆಕ್ಕ ಶುರು ಮಾಡಬೇಕಾದದ್ದು ರನ್‌ವೇಯಿಂದ ಅಲ್ಲ, ನಮ್ಮ ಮನೆಯ ಗೇಟಿನಿಂದ.

ಇದನ್ನು ಹೇಳಲು ನಾನ್ಯಾರು ಎಂದರೆ, ಮನೆಯಲ್ಲಿ ಕಾರು ಬಿಡುವವನು ನಾನೊಬ್ಬನೇ. ಮನೆ ಬದಿಯಡ್ಕದ ಹತ್ತಿರ. ಅಕ್ಕ, ಭಾವ ದುಬೈಯ ದೇರಾದಲ್ಲಿದ್ದಾರೆ. ಅವರನ್ನು ಬಿಟ್ಟು ಬರುವುದು, ಕರೆದುಕೊಂಡು ಬರುವುದು ಎಲ್ಲ ನನ್ನ ತಲೆಗೆ. ನಾನೇ ಅಲ್ಲಿಗೆ ಹೋದದ್ದು ಮೂರು ಸಲ ಮಾತ್ರ. ಆದರೆ ಮೂರೂ ನಿಲ್ದಾಣಗಳ ಪಾರ್ಕಿಂಗಿನಲ್ಲಿ ನಿದ್ದೆ ಮಾಡಿದ ಅನುಭವ ನನಗಿದೆ.

ಹಾರುವ ಹೊತ್ತಿನ ಲೆಕ್ಕ

ವಿಮಾನದ ದೂರವನ್ನು ಗೋಡೆಯ ಮೇಲಿನ ಭೂಪಟಕ್ಕೆ ಸ್ಕೇಲ್ ಇಟ್ಟು ಅಳೆದರೆ ಸರಿ ಬರುವುದಿಲ್ಲ. ಭೂಮಿ ಉರುಟು. ಒಂದು ತೆಂಗಿನಕಾಯಿಯ ಮೇಲೆ ಎರಡು ಚುಕ್ಕೆ ಹಾಕಿ, ನಡುವೆ ದಾರ ಬಿಗಿದು ಹಿಡಿಯಿರಿ. ದಾರ ಎಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ. ಮೇಲೆ ಕೊಟ್ಟ ಕಿ.ಮೀ.ಗಳೆಲ್ಲ ಆ ದಾರದ ಉದ್ದ. ನಿಜಕ್ಕೂ ವಿಮಾನ ಹಾರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ, ಯಾಕೆಂದರೆ ಆಕಾಶದಲ್ಲೂ ಗೊತ್ತು ಮಾಡಿದ ದಾರಿಗಳಿವೆ. ಬಜಪೆ ಬಿಟ್ಟರೆ ಅರಬ್ಬಿ ಸಮುದ್ರ, ಆಮೇಲೆ ಒಮಾನಿನ ಬೋಳು ಬೆಟ್ಟಗಳು, ಅದು ದಾಟಿದರೆ ದುಬೈ.

2,450 ಕಿ.ಮೀ. ಎಂದರೆ ಎಷ್ಟು ಎಂದು ಅಂದಾಜು ಬೇಕಾದರೆ ದೆಹಲಿಯನ್ನು ನೆನೆಯಿರಿ. ಬಜಪೆಯಿಂದ ದೆಹಲಿಗೆ ಆಕಾಶದಲ್ಲಿ ಸುಮಾರು 1,750 ಕಿ.ಮೀ. ದುಬೈ ಅದಕ್ಕಿಂತ 700 ಕಿ.ಮೀ. ದೂರ. ಆದರೂ ನಮ್ಮ ಊರಿನಲ್ಲಿ ದೆಹಲಿ ಎಂದರೆ ಎಲ್ಲೋ ಆಚೆ, ದುಬೈ ಎಂದರೆ ಪಕ್ಕದ ಪೇಟೆ. ಅಭ್ಯಾಸದ ಬಲ!

ಬಜಪೆಯ ರನ್‌ವೇ ಉದ್ದ 2,450 ಮೀಟರ್. ಅಲ್ಲಿಂದ ದುಬೈಗೆ 2,450 ಕಿ.ಮೀ. ಇದಕ್ಕೆ ಅರ್ಥ ಏನೂ ಇಲ್ಲ, ಸುಮ್ನೆ ಹೇಳಿದೆ. ನೆನಪಿಟ್ಟುಕೊಳ್ಳಲು ಸುಲಭ.

ಈಗ ಹೊತ್ತು. ಈ ದಾರಿಯಲ್ಲಿ ಓಡುವ ಬೋಯಿಂಗ್ 737 ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಮೂರು ಗಂಟೆ ಬರಬೇಕು. ಆದರೆ ಟಿಕೆಟಿನಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಜಾಸ್ತಿ ಇರುತ್ತದೆ. ಮೋಸ ಏನಿಲ್ಲ. ಟಿಕೆಟಿನ ಹೊತ್ತು ಶುರುವಾಗುವುದು ವಿಮಾನ ನಿಂತಲ್ಲಿಂದ ಸರಿದಾಗ, ಮುಗಿಯುವುದು ಆಚೆ ಹೋಗಿ ನಿಂತಾಗ. ರನ್‌ವೇವರೆಗೆ ಉರುಳುವುದು, ಮೇಲೇರುವುದು, ದುಬೈಯಂಥ ಗಡಿಬಿಡಿಯ ನಿಲ್ದಾಣದ ಮೇಲೆ ಇಳಿಯುವ ಸರದಿಗಾಗಿ ಸುತ್ತುವುದು, ಇಳಿದು ಮತ್ತೆ ಉರುಳುವುದು ಎಲ್ಲ ಅದರಲ್ಲಿ ಸೇರಿದೆ. ಈ ಹೆಚ್ಚಿನ ಹೊತ್ತು ಯಾವ ಊರಿನಿಂದ ಹೊರಟರೂ ಇದ್ದದ್ದೇ. ಹಾಗಾಗಿ ಮೂರು ನಿಲ್ದಾಣಗಳಿಗೂ "ನಾಲ್ಕು ಗಂಟೆ" ಎಂದಿಟ್ಟುಕೊಂಡರೆ ಸಾಕು. ಟಿಕೆಟ್ ಹುಡುಕುವಾಗ ಹತ್ತು ಹದಿನೈದು ನಿಮಿಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗಾಳಿಯ ಆಟವೂ ಇದೆ. ಚಳಿಗಾಲದಲ್ಲಿ ಉತ್ತರದ ಕಡೆ ಎತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಬರುವ ವಿಮಾನ ಬೇಗ ಮುಟ್ಟುತ್ತದೆ. ಮಳೆಗಾಲದಲ್ಲಿ ತಮಾಷೆ. ಕೆಳಗೆ ನಮ್ಮ ಅಡಕೆ ತೋಟಕ್ಕೆ ಬಡಿಯುವ ಗಾಳಿ ಪಡುವಣದ್ದು, ಆದರೆ ದಕ್ಷಿಣ ಭಾರತದ ಮೇಲೆ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಬೀಸುವುದು ಮೂಡಣ ಗಾಳಿ. ಆಗ ಹೋಗುವವರಿಗೆ ಸ್ವಲ್ಪ ಲಾಭ.

ಗಡಿಯಾರ ಮಾತ್ರ ನಂಬಬೇಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಗ್ಗೆ ಹತ್ತಕ್ಕೆ ಹೊರಟು ಅಲ್ಲಿ ಹನ್ನೆರಡೂವರೆಗೆ ಇಳಿದರೆ "ಎರಡೂವರೆ ಗಂಟೆಯಲ್ಲಿ ಮುಟ್ಟಿದೆ" ಎನ್ನುವವರು ಇದ್ದಾರೆ. ಅವರೇ ವಾಪಸ್ ಬರುವಾಗ "ಈ ಸಲ ಐದು ಗಂಟೆ ಹಿಡಿಯಿತು, ವಿಮಾನ ನಿಧಾನ" ಎನ್ನುತ್ತಾರೆ.

ಚಂದ್ರಗಿರಿ ಆಚೆ, ಈಚೆ

ಹಿಂದಿನವರು ತುಳುನಾಡಿನ ಗಡಿ ಎಂದು ಚಂದ್ರಗಿರಿ ಹೊಳೆಯನ್ನು ತೋರಿಸುತ್ತಿದ್ದರು. ವಿಮಾನದ ಲೆಕ್ಕದಲ್ಲಿ ಆ ಗಡಿ ಇನ್ನೂ ಸ್ವಲ್ಪ ತೆಂಕಕ್ಕೆ ಸರಿಯುತ್ತದೆ. ಕಾಸರಗೋಡು ಪೇಟೆಯಿಂದ ಬಜಪೆಗೆ ರಸ್ತೆಯಲ್ಲಿ 65 ಕಿ.ಮೀ. ಆಸುಪಾಸು, ಮಟ್ಟನ್ನೂರಿಗೆ 110ಕ್ಕಿಂತ ಜಾಸ್ತಿ. ಕಾಞಂಗಾಡಿಗೆ ಬಂದರೆ ಎರಡೂ ಕಡೆಗೆ ಹೆಚ್ಚುಕಮ್ಮಿ ಒಂದೇ, 90ರ ಹತ್ತಿರ. ಅಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಕಣ್ಣು ಮುಚ್ಚಿ ಬಜಪೆ ಹಿಡಿಯಬಹುದು. ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರದವರಿಗೆ ಮಟ್ಟನ್ನೂರು. ಕಾಞಂಗಾಡಿನವರು ಟಿಕೆಟ್ ದರ ನೋಡಿ ತೀರ್ಮಾನ ಮಾಡಲಿ.

ಬಜಪೆಗೆ ಹೋಗುವ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊತ್ತು ಉಳಿಯುವುದೂ ಕಳೆಯುವುದೂ ಇಲ್ಲೇ. ಚೆಂಗಳದಿಂದ ತಲಪಾಡಿವರೆಗೆ ಆರು ಲೇನಿನ ರಸ್ತೆ ಆದ ಮೇಲೆ ಕಾಸರಗೋಡಿನಿಂದ ಗಡಿ ದಾಟುವುದು ಈಗ ಸುಲಭ. ನಿಜವಾದ ಕಷ್ಟ ಆಮೇಲೆ. ತಲಪಾಡಿಯ ಟೋಲ್, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು. ಈ ಹೆಸರುಗಳನ್ನು ಒಂದೊಂದಾಗಿ ಹೇಳುವಾಗಲೇ ನನಗೆ ಕ್ಲಚ್ ಒತ್ತಿದ ಕಾಲು ನೋಯುತ್ತದೆ. ಬೆಳಗ್ಗೆ ಆರಕ್ಕೆ ನಂತೂರು ದಾಟುವುದಕ್ಕೂ ಸಂಜೆ ಆರಕ್ಕೆ ದಾಟುವುದಕ್ಕೂ ಅಜಗಜಾಂತರ. ಸಂಜೆ ಹೊತ್ತಾದರೆ ಕಾಸರಗೋಡಿನಿಂದ ನಿಲ್ದಾಣಕ್ಕೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ನಸುಕಿನಲ್ಲಾದರೆ ಒಂದೂವರೆ ಸಾಕು.

ಪೆರ್ಲ, ಅಡ್ಯನಡ್ಕ ಕಡೆಯವರಿಗೆ ಇನ್ನೊಂದು ದಾರಿ ಇದೆ. ವಿಟ್ಲ, ಕಲ್ಲಡ್ಕ, ಬಿ.ಸಿ.ರೋಡಿಗೆ ಬಂದು, ಅಲ್ಲಿಂದ ಪೊಳಲಿ, ಕೈಕಂಬ ಮೇಲೆ ಬಜಪೆ. ಮಂಗಳೂರು ಪೇಟೆಗೆ ಮುಖ ಕೂಡ ತೋರಿಸಬೇಕಾಗಿಲ್ಲ. ರಸ್ತೆ ಸಪುರ, ತಿರುವು ಜಾಸ್ತಿ, ಆದರೆ ಸಂಜೆಯ ಹೊತ್ತಿಗೆ ನನಗೆ ಇದೇ ಇಷ್ಟ. ವಾಂತಿ ಮಾಡುವ ಮಕ್ಕಳಿದ್ದರೆ ಬೇಡ.

ಕಾರಿಲ್ಲದವರು ಮಂಗಳೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಬಹುದು. ರೈಲಿನಲ್ಲಿ ಮಂಗಳೂರು ಸೆಂಟ್ರಲ್‌ಗೆ 46 ಕಿ.ಮೀ., ಒಂದು ಗಂಟೆ ಆಚೀಚೆ. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಪೇಟೆಯಿಂದ ನಿಲ್ದಾಣಕ್ಕೆ ಹದಿನೈದು ಕಿ.ಮೀ. ಒಳಗೆ, ಅದಕ್ಕೆ ಟ್ಯಾಕ್ಸಿಯೇ ಒಳ್ಳೆಯದು. ನಿಲ್ದಾಣ ಗುಡ್ಡದ ತಲೆಯ ಮೇಲಿದೆ, ಮೂವತ್ತು ಕೆ.ಜಿ. ಪೆಟ್ಟಿಗೆ ಹಿಡಿದುಕೊಂಡು ಹತ್ತುವ ಸಾಹಸ ಯಾರಿಗೂ ಬೇಡ. ಕಾಸರಗೋಡಿನಿಂದಲೇ ಟ್ಯಾಕ್ಸಿ ಮಾಡುವುದಾದರೆ ಗಡಿ ದಾಟುವ ಪರ್ಮಿಟ್ ಇದೆಯಾ ಎಂದು ಚಾಲಕನನ್ನು ಮೊದಲೇ ಕೇಳಿ. ತಲಪಾಡಿಯಲ್ಲಿ ಗಾಡಿ ನಿಲ್ಲಿಸಿ "ಈಗ ಮಾಡಿಸುತ್ತೇನೆ" ಎಂದರೆ ನಿಮ್ಮ ಹೊಟ್ಟೆಯಲ್ಲಿ ತಳಮಳ.

ಗಡಿ ಎಂದಾಗ ಒಂದು ಹಳೆಯ ಗಾಯ ನೆನಪಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. ಆಸ್ಪತ್ರೆಗೂ ಮಂಗಳೂರು, ಕಾಲೇಜಿಗೂ ಮಂಗಳೂರು, ವಿಮಾನಕ್ಕೂ ಮಂಗಳೂರು ಎಂದಿದ್ದ ನಮಗೆ ನಾವು ಬೇರೆ ರಾಜ್ಯದವರು ಎಂದು ಆಗ ಸರಿಯಾಗಿ ಗೊತ್ತಾಯಿತು. ಅಂಥ ದಿನ ಪುನಃ ಬರುವುದು ಬೇಡ. ಬಂದರೆ ಮಟ್ಟನ್ನೂರಿನ ದಾರಿಯೂ ಗೊತ್ತಿರಲಿ.

ಮಟ್ಟನ್ನೂರು ಯಾರಿಗೆ?

ಬಜಪೆ ಹಳೆಯದು, 1951ರಲ್ಲಿ ಶುರುವಾದದ್ದು. ಆದರೂ ಅಲ್ಲಿಂದ ದುಬೈಗೆ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ನಮ್ಮವರಲ್ಲಿ ತುಂಬ ಜನ ಬೊಂಬಾಯಿಗೆ ಹೋಗಿ ಅಲ್ಲಿಂದ ಹತ್ತುತ್ತಿದ್ದರು. ಕಣ್ಣೂರು ನಿಲ್ದಾಣ ಹೊಸದು, 2018ರ ಡಿಸೆಂಬರ್ 9ರಂದು ತೆರೆಯಿತು. ರನ್‌ವೇ 3,050 ಮೀಟರ್, ಬಜಪೆಗಿಂತ 600 ಮೀಟರ್ ಉದ್ದ. ದೊಡ್ಡ ಕಟ್ಟಡ, ಜನ ಕಡಿಮೆ, ಸಾಲು ಬೇಗ ಕರಗುತ್ತದೆ. ಒಳಗೆ ಹೋದ ಮೇಲಿನ ಆರಾಮ ನೋಡಿದರೆ ನನ್ನ ವೋಟು ಅದಕ್ಕೇ.

ಆದರೆ ಅಲ್ಲಿಂದ ವಿದೇಶಿ ಕಂಪೆನಿಗಳಿಗೆ ಹಾರಲು ಅನುಮತಿ ಸಿಕ್ಕಿಲ್ಲ. ನಮ್ಮ ದೇಶದ ಕಂಪೆನಿಗಳ ವಿಮಾನ ಮಾತ್ರ. ಬಜಪೆಯ ಗಲ್ಫ್ ವಿಮಾನಗಳೂ ಭಾರತದ ಕಂಪೆನಿಗಳದ್ದೇ. ಒಂದು ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ಸಿಗುವ ಸಾಧ್ಯತೆ ಎರಡೂ ಕಡೆ ಕಡಿಮೆ. ಕರಿಪುರ ಈ ವಿಷಯದಲ್ಲಿ ಬೇರೆ. ಅಲ್ಲಿ ಗಲ್ಫಿನ ಕಂಪೆನಿಗಳೂ ಇಳಿಯುತ್ತವೆ, ಹೊತ್ತಿನ ಆಯ್ಕೆ ಜಾಸ್ತಿ.

ಮಟ್ಟನ್ನೂರಿಗೆ ಕಾಸರಗೋಡಿನಿಂದ ಮೂರು ಗಂಟೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಇನ್ನೊಂದು ಗಂಟೆ ಸೇರಿಸಿ. ಹೆದ್ದಾರಿ ಕೆಲಸಕ್ಕೆ ಗುಡ್ಡ ಕಡಿದ ಕಡೆ ಭಯ ಇದ್ದೇ ಇದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಜರಿದು ರಸ್ತೆಗೆ ಬಂದಿತ್ತು. ತಳಿಪರಂಬದಿಂದ ಒಳದಾರಿ ಹಿಡಿದು ಮಯ್ಯಿಲ್, ಚಾಲೋಡ್ ಮೇಲೆ ಹೋದರೆ ಕಣ್ಣೂರು ಪೇಟೆ ತಪ್ಪುತ್ತದೆ.

ಮಳೆಗಾಲದಲ್ಲಿ ನನ್ನ ಸಲಹೆ ರೈಲು. ಕಾಸರಗೋಡಿನಿಂದ ಕಣ್ಣೂರಿಗೆ 86 ಕಿ.ಮೀ., ಒಳ್ಳೆಯ ಗಾಡಿಯಾದರೆ ಒಂದೂಕಾಲು ಗಂಟೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ. ಮಟ್ಟನ್ನೂರು ಪೇಟೆಗೆ ಬಸ್ಸುಗಳಿವೆ. ಆದರೆ ನಿಲ್ದಾಣದ ಬಾಗಿಲವರೆಗೆ ಬಸ್ಸು ಸಿಗುತ್ತದೆ ಎಂದು ನಂಬಿ ಪೆಟ್ಟಿಗೆ ಎತ್ತಿಕೊಳ್ಳಬೇಡಿ.

ಕರಿಪುರದ ಕತೆ

ಒಂದು ಸಲ ಭಾವ ದುಬೈಯಿಂದಲೇ ಫೋನ್ ಮಾಡಿದರು. "ವಾಪಸ್ ಬರುವ ಟಿಕೆಟ್ ಕರಿಪುರದಿಂದ ಮಾಡಿದ್ದೇನೆ ಮಾರಾಯ. ನಾಲ್ಕು ಸಾವಿರ ಉಳಿಯುತ್ತದೆ." ನಾನು ಸುಮ್ಮನಿದ್ದೆ. ಭಾವನಿಗೆ ಬುದ್ಧಿ ಹೇಳುವಷ್ಟು ದೊಡ್ಡವನಾ ನಾನು?

ಬೆಳಗಿನ ಜಾವ ಐದರ ವಿಮಾನ. ರಾತ್ರಿ ಒಂಬತ್ತಕ್ಕೆ ಬದಿಯಡ್ಕ ಬಿಟ್ಟೆವು. ದಾರಿ 200 ಕಿ.ಮೀ.ಗಿಂತ ಜಾಸ್ತಿ, ಆದರೂ ಎಂಟು ಗಂಟೆ ಇದೆಯಲ್ಲ ಎಂದು ಧೈರ್ಯ. ಪಯ್ಯನ್ನೂರಿನಲ್ಲಿ ರಸ್ತೆ ಕೆಲಸ, ಲಾರಿಗಳ ಸಾಲು. ವಡಗರದ ಹತ್ತಿರ ಟಯರ್ ಪಂಕ್ಚರ್. ಮೊಬೈಲ್ ಬೆಳಕಿನಲ್ಲಿ ನಾವಿಬ್ಬರು ಚಕ್ರ ಬದಲಿಸುವಾಗ ಅಕ್ಕ ಗಂಟೆ ಓದಿ ಹೇಳುತ್ತಿದ್ದಳು, ರೇಡಿಯೋದವರ ಹಾಗೆ. ವಿದೇಶದ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಕೌಂಟರ್ ಮುಚ್ಚುತ್ತಾರೆ. ನಾವು ಮುಟ್ಟಿದ್ದು ಮೂರು ಐವತ್ತಕ್ಕೆ. ಹತ್ತು ನಿಮಿಷ ಇತ್ತು. ಅಕ್ಕ, ಭಾವ ಓಡಿದರು. ತಪ್ಪು ಯಾರದ್ದೂ ಅಲ್ಲ, ನಮ್ಮ ಲೆಕ್ಕದ್ದೇ. ಹೋಗಿ ಬರುವ ಡೀಸೆಲ್, ಪಂಕ್ಚರ್, ದಾರಿಯ ಚಹಾ ಎಲ್ಲ ಕೂಡಿಸಿದಾಗ ನಾಲ್ಕು ಸಾವಿರದಲ್ಲಿ ಉಳಿದದ್ದು ಏನು ಎಂದು ನಾನು ಭಾವನಿಗೆ ಹೇಳಿಲ್ಲ. ಅವರೂ ಕೇಳಿಲ್ಲ.

ಹಾಗೆಂದು ಕರಿಪುರ ಕೆಟ್ಟದ್ದಲ್ಲ. ನಾಳೆಯೇ ಹೋಗಬೇಕು, ಬಜಪೆಯಲ್ಲೂ ಮಟ್ಟನ್ನೂರಿನಲ್ಲೂ ಸೀಟಿಲ್ಲ ಎಂದಾಗ ಅದೇ ಗತಿ. ರೈಲಿನಲ್ಲಿ ಕಲ್ಲಿಕೋಟೆವರೆಗೆ ಹೋಗಿ, ಅಲ್ಲಿಂದ ಸುಮಾರು 28 ಕಿ.ಮೀ. ಟ್ಯಾಕ್ಸಿ. ಕಾರಿಗಿಂತ ಎಷ್ಟೋ ವಾಸಿ.

ಭಯದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುವವರು ಇದ್ದಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ಗುಡ್ಡದಿಂದ ಕೆಳಗೆ ಬಿದ್ದು 158 ಜನ ಹೋದರು, ಉಳಿದದ್ದು ಎಂಟೇ ಜನ. ಹೋದವರಲ್ಲಿ ಕಾಸರಗೋಡಿನವರು ತುಂಬ ಮಂದಿ. ಆ ಮೇಲೆ ಕೆಲವರು "ಬಜಪೆ ಬೇಡ, ಕರಿಪುರ ಸಾಕು" ಎಂದರು. 2020ರ ಆಗಸ್ಟ್ 7ರಂದು ಕರಿಪುರದಲ್ಲೂ ದುಬೈಯ ವಿಮಾನವೇ ರನ್‌ವೇ ದಾಟಿ ಬಿದ್ದಿತು. ಎರಡೂ ಗುಡ್ಡದ ತಲೆ ಸಪಾಟು ಮಾಡಿ ಕಟ್ಟಿದ ನಿಲ್ದಾಣಗಳು. ಭಯದಿಂದ ಒಂದನ್ನು ಬಿಟ್ಟು ಇನ್ನೊಂದು ಹಿಡಿಯಲು ಕಾರಣ ನನಗೆ ಕಾಣುವುದಿಲ್ಲ.

ಬೊಂಬಾಯಿ, ಬೆಂಗಳೂರು ಸುತ್ತಿ ಹೋಗುವುದಾದರೆ

ಇಲ್ಲಿ ದೂರದ ಅಂಕಿ ಚೆನ್ನಾಗಿ ಮರುಳು ಮಾಡುತ್ತದೆ. ಬಜಪೆಯಿಂದ ಮುಂಬೈ ಸುಮಾರು 715 ಕಿ.ಮೀ. ಮುಂಬೈಯಿಂದ ದುಬೈ ಸುಮಾರು 1,930. ಕೂಡಿಸಿದರೆ 2,645. ನೇರ ದಾರಿಗಿಂತ ಬರೀ 200 ಕಿ.ಮೀ. ಜಾಸ್ತಿ, ಕರಿಪುರದ ನೇರ ದಾರಿಗಿಂತ ಕಡಿಮೆ! ಆದರೆ ಹೊತ್ತು? ಒಂದೂವರೆ ಗಂಟೆಯ ಒಂದು ಹಾರಾಟ, ಮೂರು ಗಂಟೆ ದಾಟುವ ಇನ್ನೊಂದು, ನಡುವೆ ಮೂರೋ ನಾಲ್ಕೋ ಗಂಟೆ ಕಾಯುವುದು. ಮುಂಬೈಯಲ್ಲಿ ಒಂದನೇ ಟರ್ಮಿನಲ್ಲಿನಲ್ಲಿ ಇಳಿದರೆ ಎರಡನೆಯದಕ್ಕೆ ಹೊರಗಿನ ರಸ್ತೆಯಲ್ಲೇ ಹೋಗಬೇಕು. ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಸಾಮಾನು ಕೂಡ ತೆಗೆದುಕೊಂಡು ಪುನಃ ಕೊಡಬೇಕು. ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ಒಂದೇ ಟಿಕೆಟಿನಲ್ಲಿ ಎರಡೂ ಇದ್ದರೆ ಮಾತ್ರ ಈ ಯೋಚನೆ ಮಾಡಿ.

ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ವಿಮಾನಗಳು ಬೇಕಾದಷ್ಟು. ಆದರೆ ದೇವನಹಳ್ಳಿ ಮುಟ್ಟಲು ರಾತ್ರಿಯಿಡೀ ಬಸ್ಸು, ಆಮೇಲೆ ಪೇಟೆ ದಾಟುವ ಬಸ್ಸು. ಲಂಡನ್ನಿಗೋ ಅಮೆರಿಕಕ್ಕೋ ಹೋಗುವವರಿಗೆ ಸರಿ. ದುಬೈಗೆ ಬೇಡ.

ಕಾಸರಗೋಡು ಪೇಟೆಯ ಮನೆಯಿಂದ ದೇರಾದ ರೂಮಿನವರೆಗೆ ನನ್ನ ಲೆಕ್ಕ ಹೀಗೆ. ಬಜಪೆ ಮೇಲೆ ರಸ್ತೆಗೆ ಎರಡು, ನಿಲ್ದಾಣದಲ್ಲಿ ಮೂರು, ಆಕಾಶದಲ್ಲಿ ನಾಲ್ಕು, ಆಚೆ ಹೊರಬರಲು ಒಂದು. ಒಟ್ಟು ಹತ್ತು ಗಂಟೆ. ಮಟ್ಟನ್ನೂರು ಮೇಲೆ ಹನ್ನೊಂದು. ಕರಿಪುರ ಮೇಲೆ ಹದಿಮೂರು, ಹದಿನಾಲ್ಕು. ಮುಂಬೈ ಸುತ್ತಿದರೂ ಹದಿನಾಲ್ಕರ ಹತ್ತಿರ, ಬೆಂಗಳೂರಾದರೆ ಹದಿನೆಂಟು. ಆಕಾಶದ ನಾಲ್ಕು ಎಲ್ಲೂ ಹೆಚ್ಚು ಬದಲಾಗುವುದಿಲ್ಲ ನೋಡಿ.

ಇಳಿಯುವ ಕಡೆಯೂ ನೋಡಬೇಕು. ನಮ್ಮ ಕಡೆಯ ಕಡಿಮೆ ದರದ ವಿಮಾನಗಳಲ್ಲಿ ಕೆಲವು ದುಬೈಯ ಎರಡನೇ ಟರ್ಮಿನಲ್ಲಿನಲ್ಲಿ ಇಳಿಸುತ್ತವೆ. ಮೆಟ್ರೋ ನಿಲ್ದಾಣ ಇರುವುದು ಒಂದು ಮತ್ತು ಮೂರರಲ್ಲಿ. ಎರಡರಲ್ಲಿ ಇಲ್ಲ. ಶಾರ್ಜಾಕ್ಕೆ ಟಿಕೆಟ್ ಅಗ್ಗವಾಗಿ ಸಿಕ್ಕಿದರೆ ತೆಗೆದುಕೊಳ್ಳಬಹುದು, ದೇರಾಕ್ಕೆ ಅಲ್ಲಿಂದ ದೂರ ಇಲ್ಲ, ಸಂಜೆಯ ಟ್ರಾಫಿಕ್ ಮಾತ್ರ ನಂತೂರಿಗೆ ಅಣ್ಣ. ಅಬುಧಾಬಿ ಮಾತ್ರ ಬೇರೆ ಊರು, ದುಬೈಗೆ 120 ಕಿ.ಮೀ. ಆಸುಪಾಸು.

ಪೆಟ್ಟಿಗೆ ಕಟ್ಟುವ ಅಮ್ಮಂದಿರಿಗೆ ಒಂದು ಮಾತು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಷ್ಟು ಬೇಕಾದರೂ ತುಂಬಿಸಿ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಗಸಗಸೆ ಮಾತ್ರ ಒಂದು ಚಮಚವೂ ಹಾಕಬೇಡಿ. ಯುಎಇಯಲ್ಲಿ ಅದು ನಿಷೇಧ, ಜೈಲಿಗೆ ಹೋಗುವಷ್ಟು ದೊಡ್ಡ ವಿಷಯ. ಕೊಬ್ಬರಿಯನ್ನೂ ವಿಮಾನದಲ್ಲಿ ಬಿಡುವುದಿಲ್ಲ, ಎಣ್ಣೆಯ ಅಂಶ ಜಾಸ್ತಿ ಇದ್ದು ಬೇಗ ಬೆಂಕಿ ಹಿಡಿಯುತ್ತದೆ ಎಂದು. ಕಟ್ಟಿದ ಪೆಟ್ಟಿಗೆಯನ್ನು ಅಲ್ಲಿ ಬಿಚ್ಚಿಸಿದರೆ ರಸ್ತೆಯಲ್ಲಿ ಉಳಿಸಿದ ಅರ್ಧ ಗಂಟೆ ಅಲ್ಲೇ ಹೋಯಿತು.

ಇನ್ನು ಕರೆದುಕೊಂಡು ಬರಲು ಹೋಗುವ ನನ್ನಂಥವರಿಗೆ. ವಿಮಾನ ಅಲ್ಲಿಂದ ಎದ್ದ ಮೇಲೆ ಮನೆ ಬಿಡಿ, ಮೊದಲೇ ಹೋಗಿ ಸೊಳ್ಳೆಗೆ ರಕ್ತ ಕೊಡಬೇಡಿ. ಈಗ ವಿಮಾನ ಎಲ್ಲಿದೆ ಎಂದು ಫೋನಿನಲ್ಲೇ ಕಾಣುತ್ತದೆ. ಜೋರು ಮಳೆ ಅಥವಾ ಮಂಜು ಇದ್ದರೆ ಬಜಪೆಯಲ್ಲಿ ಇಳಿಸದೆ ಬೆಂಗಳೂರಿಗೋ ಕೊಚ್ಚಿಗೋ ಕೊಂಡುಹೋಗುವುದುಂಟು. ಆಗಲೂ ಗಾಬರಿ ಬೇಡ, ಸಾಮಾನ್ಯವಾಗಿ ಹವೆ ತಿಳಿಯಾದ ಮೇಲೆ ಅದೇ ವಿಮಾನ ವಾಪಸ್ ಬರುತ್ತದೆ. ನನಗೆ ಇಷ್ಟ ಆಗುವುದು ರಾತ್ರಿ ಅಲ್ಲಿಂದ ಹೊರಟು ಬೆಳಗ್ಗೆ ಐದಕ್ಕೆ ಇಳಿಯುವ ವಿಮಾನ. ನಂತೂರಿನಲ್ಲಿ ಗಾಡಿ ಇಲ್ಲ, ಪಂಪ್‌ವೆಲ್ಲಿನಲ್ಲಿ ಗಾಡಿ ಇಲ್ಲ. ತಲಪಾಡಿ ದಾಟಿ ಉಪ್ಪಳದ ಹೋಟೆಲಿನಲ್ಲಿ ಬಿಸಿ ಬನ್ಸ್ ಎದುರು ಕೂರುವಾಗ ಏಳು ಗಂಟೆ. ಭಾವನ ಕೈಗಡಿಯಾರದಲ್ಲಿ ಇನ್ನೂ ಐದೂವರೆ.